ಪಿ.ಜಿ. ಕೋಣೆಯಿಂದ ವಾಳೆಯವರೆಗೆ

ಮೊದಲ ಕೆಲಸ ಹಿಡಿದು ಮಂಗಳೂರಿಗೆ ಬರುವ ಕ್ರೈಸ್ತ ಯುವಕ ಯುವತಿಯರಿಗೆ ಭಾನುವಾರ ಚರ್ಚ್ ಹುಡುಕಿಕೊಂಡು ಅಲೆಯುವ ಕಷ್ಟವಿಲ್ಲ. ಹಂಪನಕಟ್ಟೆಯಲ್ಲಿ ಮಿಲಾಗ್ರಿಸ್, ಬೋಳಾರದ ಹತ್ತಿರ ರೊಸಾರಿಯೊ, ಬಲ್ಮಠದಲ್ಲಿ ಶಾಂತಿ ಕೆಥೆಡ್ರಲ್, ಇನ್ನು ಬೆಂದೂರು, ಬಿಜೈ, ಉರ್ವ, ಕುಲಶೇಖರ, ಸುರತ್ಕಲ್ ಹೀಗೆ ಸಿಟಿ ಬಸ್ ಹೋಗುವ ದಾರಿಯಲ್ಲೆಲ್ಲ ಚರ್ಚ್‌ಗಳಿವೆ. ಆದರೆ ಪೂಜೆ ಮುಗಿದ ಮೇಲೆ ಹೆಸರು ಹಿಡಿದು ಮಾತನಾಡಿಸುವವರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಸಾವಿರಾರು ಜನ ಸೇರುವ ದೊಡ್ಡ ಚರ್ಚ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುವವರನ್ನು ಯಾರೂ ಗಮನಿಸದಿರಬಹುದು. ಮಂಗಳೂರಿನ ಕಥೋಲಿಕರಲ್ಲಿ ಚರ್ಚ್ ಸಮುದಾಯದ ನಿಜವಾದ ಬಾಗಿಲು ಇರುವುದು ವಾಳೆಯಲ್ಲಿ, ಅಂದರೆ ಚರ್ಚ್ ವ್ಯಾಪ್ತಿಯ ಒಂದೊಂದು ವಿಭಾಗದಲ್ಲಿ. ಪ್ರೊಟೆಸ್ಟಂಟರಲ್ಲಿ ಸಭೆಯ ಸದಸ್ಯರ ಪಟ್ಟಿಯಲ್ಲಿ. ಈ ಎರಡನ್ನೂ ತಿಳಿದುಕೊಂಡರೆ ಹೊಸಬರ ದಾರಿ ಅರ್ಧ ಸವೆದಂತೆ.

ವಲಸಿಗರೇ ಕಟ್ಟಿದ್ದು

ಈ ನಗರದ ಚರ್ಚ್‌ಗಳ ಚರಿತ್ರೆಯೇ ಹೊರಗಿನಿಂದ ಬಂದವರ ಚರಿತ್ರೆ. ರೊಸಾರಿಯೊ ಚರ್ಚ್ ಆರಂಭವಾದದ್ದು 1568ರಲ್ಲಿ, ಪೋರ್ಚುಗೀಸರ ಕಾಲದಲ್ಲಿ. ಅಲ್ಲಿಂದ ಮುಂದೆ ಗೋವೆಯಿಂದ ದಕ್ಷಿಣಕ್ಕೆ ಬಂದ ಕೊಂಕಣಿ ಕಥೋಲಿಕ ಕುಟುಂಬಗಳು ಕರಾವಳಿಯುದ್ದಕ್ಕೂ ನೆಲೆ ನಿಂತವು. 1680ರಲ್ಲಿ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಮಿಲಾಗ್ರಿಸ್ ಚರ್ಚ್ ಸ್ಥಾಪಿಸಿದರು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಮಿಲಾಗ್ರಿಸ್ ಸೇರಿದಂತೆ ಹಲವು ಚರ್ಚ್‌ಗಳು ನೆಲಸಮವಾದವು. ಟಿಪ್ಪುವಿನ ಆಳ್ವಿಕೆ ಕೊನೆಗೊಂಡ 1799ರ ನಂತರ ಬದುಕುಳಿದು ಮರಳಿದವರು ಮನೆಯ ಜೊತೆಗೆ ಚರ್ಚ್‌ಗಳನ್ನೂ ಮತ್ತೆ ಕಟ್ಟಬೇಕಾಯಿತು.

ಕೆಲಸಕ್ಕೂ ಚರ್ಚ್‌ಗೂ ಇರುವ ನಂಟು ಪ್ರೊಟೆಸ್ಟಂಟರ ಬಾಸೆಲ್ ಮಿಶನ್‌ನ ಕಥೆಯಲ್ಲಿ ಇನ್ನೂ ನೇರವಾಗಿ ಕಾಣುತ್ತದೆ. ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಅನೇಕರು ಕುಲದಿಂದ, ಮನೆಯಿಂದ, ಕುಲಕಸುಬಿನಿಂದ ಹೊರಬಿದ್ದರು. ಅವರ ಹೊಟ್ಟೆಪಾಡಿಗೆ ಮಿಶನ್ ಮುದ್ರಣಾಲಯ, ನೇಯ್ಗೆ, ಹೆಂಚಿನ ಕೆಲಸಗಳಿಗೆ ಕೈಹಾಕಿತು. 1841ರಲ್ಲಿ ಅಚ್ಚುಕೂಟ, 1865ರಲ್ಲಿ ಜೆಪ್ಪುವಿನಲ್ಲಿ ನೇತ್ರಾವತಿಯ ದಂಡೆಯ ಮೇಲೆ ಹೆಂಚಿನ ಕಾರ್ಖಾನೆ ಶುರುವಾಯಿತು. ಕೂಲಿ, ಮನೆ, ಮಕ್ಕಳ ಶಾಲೆ, ಆರಾಧನೆ ಎಲ್ಲವೂ ಒಂದೇ ಆಡಳಿತದ ಕೆಳಗೆ ಸಿಗುತ್ತಿದ್ದ ಕಾಲ ಅದು. ಕೆಲಸಕ್ಕೆ ಸೇರಿದವನಿಗೆ ಸಭೆಯನ್ನು ಬೇರೆಯಾಗಿ ಹುಡುಕುವ ಅಗತ್ಯವೇ ಬೀಳುತ್ತಿರಲಿಲ್ಲ. ಮೊದಲ ಮಹಾಯುದ್ಧದ ಬಳಿಕ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಸಭೆ ಒಂದು ಕಡೆ, ಸಂಬಳ ಇನ್ನೊಂದು ಕಡೆ ಎಂಬಂತಾಯಿತು. ಇಂದು ಪಣಂಬೂರಿನ ಬಂದರಿಗೆ, ಆಸ್ಪತ್ರೆಗಳಿಗೆ, ಕೊಟ್ಟಾರ ಮತ್ತು ಮುಡಿಪುವಿನ ಐಟಿ ಕಚೇರಿಗಳಿಗೆ ಬರುವವರ ಸ್ಥಿತಿಯೂ ಇದೇ.

ಯಾವ ಭಾಷೆಯ ಪೂಜೆ

ಶಿವಮೊಗ್ಗ, ಮೈಸೂರು, ಹಾಸನದ ಕಡೆಯಿಂದ ಬರುವ ಕಥೋಲಿಕರಿಗೆ ಇಲ್ಲಿ ಮೊದಲು ಎದುರಾಗುವುದು ಭಾಷೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದಲ್ಲಿ, ಲ್ಯಾಟಿನ್ ಜಾಗಕ್ಕೆ ಆಯಾ ಊರಿನ ಭಾಷೆಗಳು ಬಂದವು. ಮಂಗಳೂರಿನಲ್ಲಿ ಆ ಜಾಗ ಸಿಕ್ಕಿದ್ದು ಕೊಂಕಣಿಗೆ. ಇಲ್ಲಿನ ಕೊಂಕಣಿಗೆ ಕನ್ನಡ ಲಿಪಿ. ಆದ್ದರಿಂದ ಹಾಡಿನ ಪುಸ್ತಕ ಕೈಗೆ ಬಂದರೆ ಬಯಲುಸೀಮೆಯ ಹುಡುಗ ಮೊದಲ ದಿನವೇ ಅಕ್ಷರ ಕೂಡಿಸಿಕೊಂಡು ಎಲ್ಲರ ಜೊತೆ ಹಾಡಬಲ್ಲ; ಅರ್ಥವಾಗುವುದಕ್ಕೆ ಕೆಲವು ತಿಂಗಳು ಬೇಕು. ಧರ್ಮಪ್ರಾಂತವು 1938ರಿಂದ ಹೊರತರುತ್ತಿರುವ ‘ರಾಕ್ಣೊ’ ವಾರಪತ್ರಿಕೆಯೂ ಕನ್ನಡ ಲಿಪಿಯಲ್ಲೇ ಇರುವುದರಿಂದ ಭಾಷೆ ಕಲಿಯುವವರಿಗೆ ಅದೊಂದು ಅನುಕೂಲ. ನಗರದ ಕೆಲವು ಚರ್ಚ್‌ಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಪೂಜೆಗಳೂ ಇವೆ. ಹೊತ್ತು ಎಷ್ಟಕ್ಕೆಂದು ಚರ್ಚ್‌ನ ಸೂಚನಾ ಫಲಕದಲ್ಲಿ ನೋಡಿಕೊಳ್ಳಬಹುದು.

ಕೇರಳದಿಂದ ಬರುವ ನರ್ಸ್‌ಗಳು ಮತ್ತು ವಿದ್ಯಾರ್ಥಿಗಳಲ್ಲಿ ಸಿರೊ ಮಲಬಾರ್ ಪಂಥದವರಿಗೆ ಬೇರೆ ವ್ಯವಸ್ಥೆ ಇದೆ. 1999ರಲ್ಲಿ ರೂಪುಗೊಂಡ ಬೆಳ್ತಂಗಡಿ ಧರ್ಮಪ್ರಾಂತ ಈ ಭಾಗದ ಸಿರೊ ಮಲಬಾರ್ ವಿಶ್ವಾಸಿಗಳನ್ನು ನೋಡಿಕೊಳ್ಳುತ್ತದೆ. ಬಾಸೆಲ್ ಮಿಶನ್‌ನಿಂದ ಬೆಳೆದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಆರಾಧನೆ ಮುಖ್ಯವಾಗಿ ಕನ್ನಡದಲ್ಲಿ. ತುಳುವಿನಲ್ಲಿ ಹಾಡುವ, ಪ್ರಾರ್ಥಿಸುವ ಪರಂಪರೆಯೂ ಅಲ್ಲಿದೆ. ಹುಬ್ಬಳ್ಳಿ ಧಾರವಾಡದ ಕಡೆಯ ಸಿಎಸ್‌ಐ ಕುಟುಂಬದವರಿಗೆ ಬಲ್ಮಠದಲ್ಲಿ ಭಾಷೆಯ ಪರಕೀಯತೆ ಕಾಡದು.

ಮೂರು ತಿಂಗಳ ಲೆಕ್ಕ

ಹೊಸಬರು ತಾವು ಯಾವ ಚರ್ಚ್‌ಗೆ ಸೇರಿದವರು ಎಂಬುದಕ್ಕೆ ಕಥೋಲಿಕ ಧರ್ಮಸಭೆಯಲ್ಲಿ ಸ್ಪಷ್ಟ ಉತ್ತರವಿದೆ. ಚರ್ಚ್ ಎಂದರೆ ಒಂದು ಭೂಪ್ರದೇಶ. ಅದರ ಗಡಿಯೊಳಗೆ ವಾಸವಾಗಿರುವ ಕಥೋಲಿಕರೆಲ್ಲ ಅದಕ್ಕೆ ಸೇರಿದವರು. 1983ರ ಧರ್ಮಸಭಾ ಕಾನೂನು ವಾಸದಲ್ಲಿ ಎರಡು ಬಗೆ ಹೇಳುತ್ತದೆ. ಒಂದೆಡೆ ಕಾಯಂ ಆಗಿ ಉಳಿಯುವ ಉದ್ದೇಶದಿಂದ ನೆಲೆಸಿದರೆ, ಅಥವಾ ಐದು ವರ್ಷ ಪೂರೈಸಿದರೆ ಅದು ಪೂರ್ಣ ವಾಸ. ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ಬಂದರೆ, ಅಥವಾ ಮೂರು ತಿಂಗಳು ಕಳೆದರೆ ಅದು ಅರೆವಾಸ. ಈ ಎರಡರಲ್ಲಿ ಯಾವುದಿದ್ದರೂ ಆ ಸ್ಥಳದ ಧರ್ಮಗುರುಗಳೇ ಅವರ ಧರ್ಮಗುರುಗಳು. ಅಂದರೆ ಒಂದು ವರ್ಷದ ಕೆಲಸದ ಕರಾರಿಗೆ ಸಹಿ ಹಾಕಿ ಬಿಜೈಯ ಪಿ.ಜಿ.ಯಲ್ಲಿ ಪೆಟ್ಟಿಗೆ ಇಳಿಸಿದ ಯುವತಿ ಆ ದಿನದಿಂದಲೇ ಬಿಜೈ ಚರ್ಚ್‌ನವಳು. ಯಾರ ಒಪ್ಪಿಗೆಯೂ ಬೇಕಾಗಿಲ್ಲ.

ತೊಡಕು ಇರುವುದು ಲೆಕ್ಕಪುಸ್ತಕದಲ್ಲಿ. ಚರ್ಚ್‌ಗಳ ದಾಖಲೆ ಕುಟುಂಬವಾರು ನಡೆಯುತ್ತದೆ. ಮನೆಯ ಯಜಮಾನ, ಹೆಂಡತಿ, ಮಕ್ಕಳು, ವಾರ್ಷಿಕ ವಂತಿಗೆ ಎಲ್ಲವೂ ಒಂದು ಮನೆಯ ಲೆಕ್ಕಕ್ಕೆ. ನಾಲ್ವರು ಹಂಚಿಕೊಂಡ ಕೋಣೆಯೊಂದರಲ್ಲಿ ಮಂಚ ಹಿಡಿದವರು ಯಾವ ಮನೆಗೂ ಸೇರುವುದಿಲ್ಲ. ಹೀಗಾಗಿ ಕಾನೂನಿನಲ್ಲಿ ಸದಸ್ಯರಾದವರು ಪುಸ್ತಕದಲ್ಲಿ ಇಲ್ಲದೆ ಹೋಗುತ್ತಾರೆ. ಇದಕ್ಕೆ ಪರಿಹಾರ ಸರಳ. ಊರಿನ ಧರ್ಮಗುರುಗಳಿಂದ ಒಂದು ಪರಿಚಯ ಪತ್ರ ಮತ್ತು ದೀಕ್ಷಾಸ್ನಾನದ ಪ್ರಮಾಣಪತ್ರದ ಪ್ರತಿಯನ್ನು ಚರ್ಚ್ ಕಚೇರಿಗೆ ಕೊಟ್ಟು, ಉಳಿದುಕೊಂಡ ವಿಳಾಸ ತಿಳಿಸಿ, ಅದು ಯಾವ ವಾಳೆಗೆ ಬರುತ್ತದೆಂದು ಕೇಳಿಕೊಂಡರಾಯಿತು. ಮುಂದೆ ಮದುವೆಯ ಮಾತು ಬಂದಾಗ ಈ ಪರಿಚಯ ಉಪಯೋಗಕ್ಕೆ ಬರುತ್ತದೆ. ವಧೂವರರು ಮದುವೆಯಾಗಲು ಸ್ವತಂತ್ರರು ಎಂದು ಖಚಿತಪಡಿಸಿಕೊಳ್ಳುವ ಹೊಣೆ ಧರ್ಮಗುರುಗಳದ್ದು. ಅವರನ್ನು ಬಲ್ಲ ಚರ್ಚ್ ಒಂದಿದ್ದರೆ ಓಡಾಟ ಕಡಿಮೆಯಾಗುತ್ತದೆ.

ವಾಳೆಯ ಒಳಗೆ

ಪ್ರತಿ ಚರ್ಚ್‌ನ ವ್ಯಾಪ್ತಿಯನ್ನು ವಾಳೆಗಳಾಗಿ ಹಂಚಲಾಗಿದೆ. ಒಂದೊಂದು ವಾಳೆಗೆ ಒಬ್ಬ ಗುರಿಕಾರರು. ಗಂಡಸರಂತೆ ಹೆಂಗಸರೂ ಈ ಹೊಣೆ ಹೊರುತ್ತಾರೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು, ಯಾರ ಮಗಳಿಗೆ ಮದುವೆ ಎಂಬ ಸುದ್ದಿ ಧರ್ಮಗುರುಗಳಿಗೆ ಮುಟ್ಟುವುದು ಹೆಚ್ಚಾಗಿ ಇವರ ಮೂಲಕ. ವಾಳೆಯ ಕೂಟಗಳು ಸಾಮಾನ್ಯವಾಗಿ ಸಂಜೆ, ಸರದಿಯಂತೆ ಒಂದೊಂದು ಮನೆಯಲ್ಲಿ. ಜಗಲಿಯಲ್ಲಿ ಕುರ್ಚಿ ಹಾಕಿ, ಶಿಲುಬೆಯ ಮುಂದೆ ಮೇಣದ ಬತ್ತಿ ಹಚ್ಚಿ, ಜಪಸರ ಪ್ರಾರ್ಥನೆ, ಬೈಬಲ್ ವಾಚನ. ಆಮೇಲೆ ಚಹಾ, ಚಕ್ಕುಲಿ, ಒಂದಿಷ್ಟು ಮಾತು. ಬೇರೆ ಊರಿನಿಂದ ಬಂದವರಿಗೆ ಬಾಡಿಗೆ ಮನೆ, ಒಳ್ಳೆಯ ಡಾಕ್ಟರು, ರಾತ್ರಿ ಬಸ್ಸಿನ ಹೊತ್ತು ಗೊತ್ತಾಗುವುದು ಈ ಮಾತುಕತೆಯಲ್ಲೇ.

ಹೊಸಬರಿಗೆ ಒಂಟಿತನ ಹೆಚ್ಚಾಗಿ ತಟ್ಟುವುದು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು. ಮರಿಯಮ್ಮನವರ ಹುಟ್ಟುಹಬ್ಬವಾದ ಅದು ಕರಾವಳಿಯಲ್ಲಿ ತೆನೆ ಹಬ್ಬವೂ ಹೌದು. ಅದಕ್ಕೂ ಮುನ್ನ ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೊಂದರಂತೆ ಕೊಡುತ್ತಾರೆ. ಅದರ ಕಾಳು ಬಿಡಿಸಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಸವಿದ ಮೇಲೆ ಸಸ್ಯಾಹಾರದ ಊಟ. ಹಬ್ಬಕ್ಕೆ ಬರಲಾಗದೆ ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮಕ್ಕಳಿಗೆ ಒಣಗಿಸಿದ ಕಾಳನ್ನು ಅಂಚೆಯಲ್ಲಿ ಕಳುಹಿಸುವ ಮನೆಗಳಿವೆ. ದೂರ ಹೋದವರ ಪಾಲನ್ನು ಮರೆಯದ ಊರಿನಲ್ಲಿ, ದೂರದಿಂದ ಬಂದವರಿಗೆ ಒಂದು ಎಲೆ ಹಾಕಿಸುವುದು ಗುರಿಕಾರರಿಗೆ ದೊಡ್ಡ ಕೆಲಸವಲ್ಲ. ಅಂಥ ಹೊಸಬರು ಇದ್ದಾರೆಂಬುದು ಗುರಿಕಾರರಿಗೆ ಗೊತ್ತಿರಬೇಕು, ಅಷ್ಟೆ.

ವಾಳೆಯ ಹೊರತಾಗಿ ಸಂಘಗಳೂ ಇವೆ. ಯುವಜನರಿಗೆ ಐಸಿವೈಎಂ, ಬಡವರ ಸೇವೆಗೆ ಸೈಂಟ್ ವಿನ್ಸೆಂಟ್ ದೆ ಪಾವ್ಲ್ ಸಭೆ, ಹಾಡುವವರಿಗೆ ಗಾಯನ ಮಂಡಳಿ. ಭಾಷೆ ಬಾರದವರಿಗೂ ಬೇಗ ಒಗ್ಗುವುದು ಗಾಯನ ಮಂಡಳಿ. ವಾರಕ್ಕೊಮ್ಮೆ ಅಭ್ಯಾಸ ಇರುವುದರಿಂದ ಮುಖಗಳು ಬೇಗ ಪರಿಚಯವಾಗುತ್ತವೆ.

ಸಿಎಸ್‌ಐ ಸಭೆಯಲ್ಲಿ

ದಕ್ಷಿಣ ಭಾರತದ ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ಸಿಎಸ್‌ಐ ರೂಪುಗೊಂಡದ್ದು 1947ರ ಸೆಪ್ಟೆಂಬರ್ 27ರಂದು. ಬಾಸೆಲ್ ಮಿಶನ್ ಕಟ್ಟಿದ ಇಲ್ಲಿನ ಸಭೆಗಳು ಈಗ ಅದರ ಕರ್ನಾಟಕ ದಕ್ಷಿಣ ಸಭಾಪ್ರಾಂತದಲ್ಲಿವೆ. ಇಲ್ಲಿ ಸದಸ್ಯತ್ವ ತಾನಾಗಿ ಬರುವುದಿಲ್ಲ. ಹಿಂದಿನ ಸಭೆಯಿಂದ ವರ್ಗಾವಣೆ ಪತ್ರ ತಂದು ಸಭಾಪಾಲಕರಿಗೆ ಕೊಡಬೇಕು. ಹೆಸರು ಪಟ್ಟಿಗೆ ಏರಿದ ಮೇಲೆ ವಂತಿಗೆ, ಸಭಾ ಕೂಟಗಳು, ಚುನಾವಣೆ ಎಲ್ಲದರಲ್ಲೂ ಪಾಲು. ಕೆಲವೇ ವರ್ಷ ಇರುವವರು ಊರಿನ ಸದಸ್ಯತ್ವ ಬಿಡಲು ಹಿಂಜರಿಯುವುದುಂಟು. ಹಾಗಿದ್ದರೂ ಆರಾಧನೆಗೆ, ಯುವಜನರ ಕೂಟಕ್ಕೆ ಹೋಗಲು ಅಡ್ಡಿಯಿಲ್ಲ. ಸಭಾಪಾಲಕರಿಗೆ ಪರಿಚಯ ಹೇಳಿಕೊಂಡಿರುವುದು ಒಳ್ಳೆಯದು.

ಪಾಳಿ ಕೆಲಸದವರಿಗೆ

ಆಸ್ಪತ್ರೆ, ಬಂದರು, ಐಟಿ ಕಂಪನಿಗಳಲ್ಲಿ ಭಾನುವಾರವೂ ಕೆಲಸವಿರುತ್ತದೆ. ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಪೂಜೆಗೆ ಸಮ ಎಂದು ಧರ್ಮಸಭಾ ಕಾನೂನೇ ಹೇಳುತ್ತದೆ. ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಆರಂಭಿಸಿದ ಸೇವೆಯಿಂದ ಬೆಳೆದ ಆಸ್ಪತ್ರೆಯಂಥ ಕ್ರೈಸ್ತ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ ಪ್ರಾರ್ಥನಾ ಮಂದಿರ ಆವರಣದೊಳಗೇ ಸಿಗುತ್ತದೆ. ಪೂಜೆಯ ಅನುಕೂಲಕ್ಕೆ ಅದು ಸಾಕು. ಆದರೆ ಕೆಲಸದ ಜಾಗದ ಪ್ರಾರ್ಥನೆಗೆ ಬರುವವರೆಲ್ಲ ಸಹೋದ್ಯೋಗಿಗಳೇ. ಅಜ್ಜಿಯರು, ಮಕ್ಕಳು, ಅಂಗಡಿಯವರು, ಮೇಷ್ಟ್ರುಗಳು ಸಿಗುವುದು ವಾಸದ ಚರ್ಚ್‌ನಲ್ಲಿ ಮಾತ್ರ.

ಆದ್ದರಿಂದ ಹೊಸದಾಗಿ ಬಂದವರು ಮೊದಲ ತಿಂಗಳಲ್ಲೇ ಒಮ್ಮೆ ಚರ್ಚ್ ಕಚೇರಿಯ ಮೆಟ್ಟಿಲು ಹತ್ತಬೇಕು. ಹೆಸರು, ವಿಳಾಸ, ಫೋನ್ ನಂಬರು ಬರೆಸಿ ಗುರಿಕಾರರು ಯಾರೆಂದು ಕೇಳಬೇಕು. ಚರ್ಚ್‌ಗಳೂ ತಮ್ಮ ಪುಸ್ತಕದಲ್ಲಿ ಕುಟುಂಬಗಳ ಪುಟಗಳ ಜೊತೆಗೆ ಪಿ.ಜಿ., ಹಾಸ್ಟೆಲ್‌ಗಳಲ್ಲಿ ಇರುವವರಿಗೆಂದು ಒಂದು ಪುಟ ತೆರೆಯಬೇಕು. ಹೆಚ್ಚಿನ ಖರ್ಚಿಲ್ಲದ ಈ ಕೆಲಸವನ್ನು ಪ್ರತಿ ವಾಳೆಯೂ ಈ ವರ್ಷವೇ ಮಾಡಬಹುದು.