ಸರ್ಟಿಫಿಕೇಟಿನ ಹೆಸರು, ಲ್ಯಾಬಿನ ಬೀಗ

ನೀಟ್ ಫಲಿತಾಂಶ ಬಂದು ಎಂಬಿಬಿಎಸ್ ಆಸೆ ಬಿಟ್ಟ ಮನೆಗಳಲ್ಲಿ, ಬಸವಾಪಟ್ಟಣದ ಸುತ್ತಮುತ್ತ, ಪ್ರತಿವರ್ಷ ಒಂದೇ ಮಾತು: ‘ಬಿಎಸ್ಸಿ ಮಾಡೋದಾದ್ರೆ ಮೈಸೂರು, ಬೆಂಗಳೂರಿನ ದೊಡ್ಡ ಯೂನಿವರ್ಸಿಟೀಲಿ ಮಾಡ್ಸಿ. ದಾವಣಗೆರೇದು ಸಣ್ಣದು, ಆ ಡಿಗ್ರಿಗೆ ಬೆಲೆ ಇಲ್ಲ.’ ಹೇಳುವವರ ಗತ್ತು ನೋಡಿದರೆ ಎರಡೂ ಕಡೆ ಓದಿ ಬಂದವರೇ ಇರಬೇಕು.

ನಮ್ಮಲ್ಲಿ ಬಿಎಸ್ಸಿ ಹುಡುಗರಿಗೆ ಪಾಠ ಮಾಡುವುದು ಕಾಲೇಜು, ವಿಶ್ವವಿದ್ಯಾಲಯವಲ್ಲ. ಅದು ಸಿಲೆಬಸ್ ಕೊಡುತ್ತದೆ, ಪರೀಕ್ಷೆ ನಡೆಸುತ್ತದೆ, ಕೊನೆಗೊಂದು ಮುದ್ರೆ ಒತ್ತಿದ ಕಾಗದ ಕೊಡುತ್ತದೆ. ಮೈಸೂರಿನ ಯುವರಾಜ ಕಾಲೇಜು, ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನ ಹಾಗೆ ವಿಶ್ವವಿದ್ಯಾಲಯವೇ ನಡೆಸುವ ಕಾಲೇಜುಗಳು ಬೆರಳೆಣಿಕೆಯಷ್ಟು. ದಾವಣಗೆರೆಯ ಡಿಆರ್‌ಎಂ ವಿಜ್ಞಾನ ಕಾಲೇಜನ್ನೇ ನೋಡಿ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟುವ ತನಕ ಅದು ಮೈಸೂರಿನ ಅಧೀನ, ಆಮೇಲೆ ಕುವೆಂಪು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದ ಮೇಲೆ ಅದರದ್ದು. ಆ ವರ್ಷ ರಜೆ ಮುಗಿಸಿ ಬಂದ ಸಸ್ಯಶಾಸ್ತ್ರದ ಮೇಷ್ಟ್ರು ಅರ್ಧ ವಿದ್ಯೆ ಮರೆತು ಬಂದಿದ್ದರೇ?

ಹಾಗಾದರೆ ನೋಡಬೇಕಾದ್ದೇನು? ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆ ತೋರಿಸುವ ಪ್ರಯೋಗ ಎಲ್ಲ ಕಡೆಯೂ ಉಂಟು. ತುದಿ ಕತ್ತರಿಸಿ, ಅಸಿಟೋಕಾರ್ಮೈನ್ ಹಾಕಿ, ಮೆಲ್ಲಗೆ ಬಿಸಿ ಮಾಡಿ, ಕವರ್‌ಸ್ಲಿಪ್ ಮೇಲೆ ಹೆಬ್ಬೆರಳು ಒತ್ತಬೇಕು. ಒತ್ತಡ ಹೆಚ್ಚಾದರೆ ಎಲ್ಲ ಚೆಲ್ಲಾಪಿಲ್ಲಿ, ಕಡಿಮೆಯಾದರೆ ಒಂದರ ಮೇಲೊಂದು ಪೇರಿಸಿಕೊಂಡ ಕೆಂಪು ಮುದ್ದೆ. ನಾಲ್ಕೈದು ಸ್ಲೈಡ್ ಹಾಳು ಮಾಡಿದ ಮೇಲೆಯೇ ಸಾಲುಗಟ್ಟಿ ನಿಂತ ಕ್ರೋಮೋಸೋಮು ಕಣ್ಣಿಗೆ ಬೀಳುವುದು. ಹಾಳು ಮಾಡುವ ಆ ಅವಕಾಶ ನಿಮ್ಮ ಮಗಳಿಗೆ ಸಿಗುತ್ತದೋ, ಇಲ್ಲಾ ಮೇಷ್ಟ್ರು ಮಾಡಿಟ್ಟ ಒಂದೇ ಸ್ಲೈಡಿಗೆ ಇಡೀ ಬ್ಯಾಚು ಕ್ಯೂ ನಿಂತು ಇಣುಕಿ, ರೆಕಾರ್ಡಿಗೆ ಹಳೇ ಚಿತ್ರ ಇಳಿಸುತ್ತದೋ? ಲ್ಯಾಬಿನ ಬಾಗಿಲು ತೆಗೆಸಿ ನೋಡಿದರೆ ಗೊತ್ತಾಗುತ್ತದೆ. ಮಸೂರಕ್ಕೆ ಬೂಷ್ಟು ಹಿಡಿದಿದ್ದರೆ ಇನ್ನೇನೂ ಕೇಳಬೇಕಿಲ್ಲ.

ಕಾಯಂ ಅಧ್ಯಾಪಕರು ಎಷ್ಟು ಅಂತಲೂ ಕೇಳಿ. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಮುಷ್ಕರ ಹೂಡಿದಾಗ ಸರ್ಕಾರಿ ಕಾಲೇಜುಗಳಲ್ಲಿ ಪಾಠ ನಿಂತಿತು. ವಿಶ್ವವಿದ್ಯಾಲಯ ದೊಡ್ಡದು ಅಂತ ಯಾವ ಕಾಲೇಜಿಗೂ ವಿನಾಯಿತಿ ಸಿಗಲಿಲ್ಲ.

ದೊಡ್ಡ ಊರಿನಲ್ಲಿ ಲಾಭವೇ ಇಲ್ಲ ಅಂತಲ್ಲ. ಮೈಕ್ರೋಬಯಾಲಜಿ, ಜೆನೆಟಿಕ್ಸ್ ಥರದ ವಿಷಯ ಬೇಕೆಂದರೆ ಹೋಗಲೇಬೇಕಾದೀತು. ಹೋಗುವುದು ವಿಷಯಕ್ಕೆ, ಹೆಸರಿಗಲ್ಲ. ದೊಡ್ಡದೋ ಸಣ್ಣದೋ ಎಂಬ ಚರ್ಚೆಗೆ ಅರ್ಥವಿರುವುದು ಪದವಿ ಹುಡುಗರೂ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲೇ ಕೂತು ಓದುವ ಅಮೆರಿಕದಂಥ ಕಡೆ. ಅಲ್ಲೂ 2020ರ ನೊಬೆಲ್ ಪಡೆದ ಜೆನಿಫರ್ ಡೌಡ್ನಾ ಪದವಿ ಓದಿದ್ದು ಪೊಮೋನಾ ಎಂಬ ಪುಟ್ಟ ಕಾಲೇಜಿನಲ್ಲಿ.

‘ಮುಂದೆ ಎಂಎಸ್ಸಿ ಸೀಟು ಸಿಗಲ್ಲ’ ಅನ್ನುವವರಿಗೆ: ಐಐಟಿಗಳಿಗೆ ಜ್ಯಾಮ್, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಬರೆಯಬೇಕು, ಎರಡರಲ್ಲೂ ವಿಶ್ವವಿದ್ಯಾಲಯದ ಹೆಸರಿಗೆ ಅಂಕವಿಲ್ಲ. ‘ನ್ಯಾಕ್ ಗ್ರೇಡ್ ಚೆನ್ನಾಗಿದೆ’ ಅನ್ನುವವರಿಗೆ: ಯಾರ ಗ್ರೇಡು? ವಿಶ್ವವಿದ್ಯಾಲಯದ್ದು ಬೇರೆ, ಕಾಲೇಜಿನದ್ದು ಬೇರೆ.

ಅಡಿಕೆ ಮಾರುವಾಗ ನಾಲ್ಕು ಮಂಡಿಯ ರೇಟು ಕೇಳಿ, ಕಾಯಿ ಮುರಿದು ತೋರಿಸಿ, ತೂಕದ ಮುಳ್ಳಿನ ಮೇಲೇ ಕಣ್ಣಿಟ್ಟು ನಿಲ್ಲುವ ಚನ್ನಗಿರಿ ಸೀಮೆಯ ಜನ, ಮಕ್ಕಳ ಮೂರು ವರ್ಷವನ್ನು ಮಾತ್ರ ಬಸ್‌ಸ್ಟ್ಯಾಂಡಿನ ಮಾತಿಗೆ ಒಪ್ಪಿಸಿಬಿಡುತ್ತಾರೆ. ಫ್ಲೆಕ್ಸಿನಲ್ಲಿ ಕೋಟು ಹಾಕಿದವರ ಫೋಟೋ ಇದ್ದರಂತೂ ಮುಗಿದೇ ಹೋಯಿತು. ಯಾರೋ ನೆಂಟರ ಹುಡುಗ ಬೆಂಗಳೂರಿನಲ್ಲಿ ಓದಿ ಕೆಲಸ ಹಿಡಿದನಂತೆ. ಅಲ್ಲೇ ಓದಿ ವಾಪಸ್ ಬಂದು ತೋಟ ನೋಡಿಕೊಳ್ಳುತ್ತಿರುವ ಹುಡುಗರ ಲೆಕ್ಕ ಯಾರಿಗೂ ಬೇಡ.

ಇನ್ನು ಕಪ್ಪೆ ಕೊಯ್ಯಬೇಕಾಗುತ್ತದೆ ಅಂತ ಹೆದರಿ ಬಿಎಸ್ಸಿಯನ್ನೇ ಕೈಬಿಡುವವರೂ ಇದ್ದಾರೆ. ತರಗತಿಯಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಿ ಎಂದು ಯುಜಿಸಿ 2014ರಲ್ಲೇ ಹೇಳಿದೆ. ಆ ಸುದ್ದಿ ಮಾತ್ರ ಯಾವ ವಾಟ್ಸಾಪ್ ಗುಂಪಿಗೂ ಇನ್ನೂ ಬಂದಂತಿಲ್ಲ.