ಹಳೇ ಪೇಟೆಬೀದಿಯ ಕಟ್ಟಡ ವಿಜ್ಞಾನ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ - ಈ ನಾಲ್ಕು ಊರುಗಳಲ್ಲಿ ಯಾವುದಾದರೊಂದರ ಬಸ್ ನಿಲ್ದಾಣದಲ್ಲಿ ಇಳಿದು, ಮುಖ್ಯರಸ್ತೆ ಬಿಟ್ಟು ಹಳೆಯ ಪೇಟೆಯ ಒಳಕ್ಕೆ ನಡೆದು ನೋಡಿ. ಅಂಗಡಿಗಳ ನಾಮಫಲಕಗಳ ನಡುವೆ ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ ಉಳಿದಿರುತ್ತದೆ. ಮುಂದೆ ಜಗಲಿ, ಮರದ ಕಂಬ, ತಗ್ಗಾದ ಬಾಗಿಲು, ಸಣ್ಣ ಕಿಟಕಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಥ ಮನೆಯೊಳಗೆ ಕಾಲಿಟ್ಟರೆ ಮೈಗೆ ತಂಪು ತಾಗುತ್ತದೆ. ಪಕ್ಕದ ಕಾಂಕ್ರೀಟ್ ಮನೆಯಲ್ಲಿ ಅದೇ ಹೊತ್ತಿಗೆ ಫ್ಯಾನು ತಿರುಗುತ್ತಿರುತ್ತದೆ. ಎರಡೂ ಮನೆಗಳ ಮೇಲೆ ಬೀಳುವ ಬಿಸಿಲು ಒಂದೇ. ಹಾಗಿದ್ದರೆ ಈ ವ್ಯತ್ಯಾಸ ಏಕೆ? ಉತ್ತರ ಹುಡುಕಲು ಆ ಬೀದಿಯ ಇತಿಹಾಸವನ್ನೂ, ಅದರ ಮಣ್ಣು, ಕಲ್ಲು, ಸುಣ್ಣಗಳನ್ನೂ ಸ್ವಲ್ಪ ಪರಿಶೀಲಿಸಬೇಕಾಗುತ್ತದೆ.

ಕೋಟೆ ಮತ್ತು ಪೇಟೆ

ನಮ್ಮ ಹಳೆಯ ಊರುಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತಿದ್ದವು. ಪಾಳೆಯಗಾರನ ಮನೆ, ಮುಖ್ಯ ದೇವಾಲಯ, ಉಗ್ರಾಣಗಳಿದ್ದದ್ದು ಕೋಟೆ. ವ್ಯಾಪಾರಿಗಳು, ಕಸುಬುದಾರರು ವಾಸಿಸುತ್ತಿದ್ದದ್ದು ಪೇಟೆ. ಹೊಳೆನರಸೀಪುರವು ಹೇಮಾವತಿ ನದಿಯ ದಡದಲ್ಲಿ, ಪಾಳೆಯಗಾರರ ಆಳ್ವಿಕೆಯಲ್ಲಿ ಬೆಳೆದ ಊರು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುವ ಪ್ರಕಾರ, ಚನ್ನರಾಯಪಟ್ಟಣಕ್ಕೆ ಮೊದಲು ಕೊಳತೂರು ಎಂಬ ಹೆಸರಿತ್ತು. ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಅದನ್ನು ಗೆದ್ದು ತನ್ನ ಮಗನಿಗೆ ಕೊಟ್ಟ. ಮಗನ ಹೆಸರು ಊರಿಗೂ ಬಂತು. ಅಲ್ಲಿನ ಕೋಟೆಗೆ ನೀರು ತುಂಬುವ ಕಂದಕ ತೋಡಿಸಿದವನು ಹೈದರಾಲಿ. ಅರಕಲಗೂಡನ್ನು 1568ರ ಸುಮಾರಿಗೆ ಐಗೂರಿನ ಕೃಷ್ಣಪ್ಪ ನಾಯಕ ಕಟ್ಟಿಸಿದನೆಂದು ಅದೇ ಗೆಜೆಟಿಯರ್ ತಿಳಿಸುತ್ತದೆ. ಅರ್ಕ ಎಂದರೆ ಸೂರ್ಯ; ಊರಿನ ಹೆಸರು ಅಲ್ಲಿಯ ಅರ್ಕೇಶ್ವರ ದೇವಾಲಯದೊಂದಿಗೆ ಬೆಸೆದುಕೊಂಡಿದೆ.

ಹಾಸನದ ಹಳೆಯ ಭಾಗ ಹಾಸನಾಂಬ ದೇವಾಲಯದ ಸುತ್ತಮುತ್ತ ಹರಡಿಕೊಂಡಿದೆ. ಅಲ್ಲಿನ ಜಾಗಗಳ ಹೆಸರುಗಳನ್ನೇ ನೋಡಿ: ದೇವಿಗೆರೆ, ಕಟ್ಟಿನಕೆರೆ ಮಾರುಕಟ್ಟೆ, ಸಂತೇಪೇಟೆ. ಕೆರೆ, ಕಟ್ಟೆ, ಸಂತೆ ಎಂಬ ಮಾತುಗಳು ಹೆಸರಿನಲ್ಲೇ ಉಳಿದುಕೊಂಡಿವೆ. ನೀರು ಇರುವಲ್ಲಿ ಊರು, ಊರಿಗೆ ದಾರಿ ಸೇರುವಲ್ಲಿ ಸಂತೆ. ಹಳೆಯ ಬೀದಿ ಹೀಗೆ ಹುಟ್ಟಿಕೊಂಡಿತೇ ಹೊರತು ನಕ್ಷೆ ಬರೆದು ಮಾಡಿದ್ದಲ್ಲ. ಇದಕ್ಕೆ ಅಪವಾದ ತೇರಿನ ಬೀದಿ. ಹಲವು ಟನ್ ತೂಗುವ ಮರದ ರಥ ವಾಲದೆ ಸಾಗಬೇಕಾದರೆ ಬೀದಿ ಅಗಲವಾಗಿರಬೇಕು, ನೇರವಾಗಿರಬೇಕು, ಏರಿಳಿತ ಕಡಿಮೆ ಇರಬೇಕು. ಮೂಲೆಯಲ್ಲಿ ತೇರು ತಿರುಗುವಷ್ಟು ಬಯಲು ಬೇಕು. ಆದ್ದರಿಂದಲೇ ಅನೇಕ ಊರುಗಳಲ್ಲಿ ಗುಡಿಯ ಸುತ್ತಲ ಬೀದಿ ಅಗಲವಾಗಿಯೂ ಅದಕ್ಕೆ ಸೇರುವ ಓಣಿಗಳು ಇಕ್ಕಟ್ಟಾಗಿಯೂ ಇರುತ್ತವೆ.

ಮನೆ ಏಕೆ ಉದ್ದ?

ಪೇಟೆಬೀದಿಯ ಮನೆಗಳ ಮುಂಭಾಗ ಕಿರಿದು, ಉದ್ದ ಹೆಚ್ಚು. ಇದಕ್ಕೆ ಕಾರಣ ಸರಳ. ವ್ಯಾಪಾರ ಮಾಡುವ ಪ್ರತಿಯೊಬ್ಬನಿಗೂ ಬೀದಿಯ ಕಡೆ ಬಾಗಿಲು ಬೇಕು. ಬೀದಿಯ ಉದ್ದ ಹಂಚಿಹೋದಷ್ಟೂ ಪ್ರತಿಯೊಬ್ಬನ ಪಾಲಿಗೆ ಬರುವ ಅಗಲ ಕಡಿಮೆ. ಉಳಿದ ಜಾಗವನ್ನು ಹಿಂದಕ್ಕೆ, ಹಿತ್ತಲಿನವರೆಗೆ ಪಡೆಯಬೇಕಾಯಿತು. ಮನೆಗಳು ಒಂದಕ್ಕೊಂದು ಅಂಟಿಕೊಂಡು, ನಡುವಿನ ಗೋಡೆಯನ್ನು ಹಂಚಿಕೊಂಡವು.

ಇದರಿಂದ ಒಂದು ಲಾಭವಾಯಿತು. ಒಂದು ಮನೆ 6 ಮೀಟರ್ ಅಗಲ, 24 ಮೀಟರ್ ಉದ್ದ ಇದೆಯೆಂದು ಇಟ್ಟುಕೊಳ್ಳಿ. ಅದು ಒಂಟಿಯಾಗಿ ನಿಂತಿದ್ದರೆ ಅದರ ಹೊರಗೋಡೆಯ ಒಟ್ಟು ಉದ್ದ 60 ಮೀಟರ್. ಸಾಲಿನಲ್ಲಿ ನಿಂತರೆ ಬಿಸಿಲು ಮಳೆಗೆ ಮೈಯೊಡ್ಡುವುದು ಮುಂದಿನ 6 ಮತ್ತು ಹಿಂದಿನ 6, ಒಟ್ಟು 12 ಮೀಟರ್ ಮಾತ್ರ. ಅಂದರೆ ಐದರಲ್ಲಿ ಒಂದು ಭಾಗ! ಆದರೆ ಇದೇ ಕಾರಣಕ್ಕೆ ಒಂದು ತೊಂದರೆಯೂ ಬಂತು. ಪಕ್ಕದಲ್ಲಿ ಕಿಟಕಿ ಇಡುವಂತಿಲ್ಲ. ನಡುಮನೆಗೆ ಬೆಳಕು, ಗಾಳಿ ಎಲ್ಲಿಂದ ಬರಬೇಕು? ಆ ಸಮಸ್ಯೆಗೆ ಕಂಡುಕೊಂಡ ಪರಿಹಾರವೇ ತೊಟ್ಟಿ.

ತೊಟ್ಟಿಮನೆಯ ನಡುವೆ ಆಕಾಶಕ್ಕೆ ತೆರೆದ ಒಂದು ಅಂಗಳವಿರುತ್ತದೆ. ಸುತ್ತಲಿನ ಹಜಾರಗಳಿಗೆ ಅಲ್ಲಿಂದ ಬೆಳಕು ಬರುತ್ತದೆ. ಒಳಗಿನ ಗಾಳಿ ಬಿಸಿಯಾದಾಗ ಹಗುರವಾಗಿ ತೊಟ್ಟಿಯ ಮೂಲಕ ಮೇಲೇರುತ್ತದೆ. ಅದರ ಜಾಗ ತುಂಬಲು ಮುಂದಿನ ಜಗಲಿಯಿಂದಲೂ ಹಿತ್ತಲಿನಿಂದಲೂ ಗಾಳಿ ಒಳಗೆ ಬರುತ್ತದೆ. ರಾತ್ರಿ ತೊಟ್ಟಿಯ ಕಲ್ಲುಹಾಸು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಮಳೆ ಬಂದಾಗ ನಾಲ್ಕೂ ಕಡೆಯ ಮಾಡಿನ ನೀರು ತೊಟ್ಟಿಗೆ ಇಳಿಯುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರು! ಮಳೆನೀರು ಸಂಗ್ರಹ ಎಂಬ ಮಾತು ಪ್ರಚಾರಕ್ಕೆ ಬರುವ ಎಷ್ಟೋ ಮೊದಲೇ ನಮ್ಮ ಮನೆಗಳಲ್ಲಿ ಇದನ್ನು ಹಂಡೆ ಕೊಳಗಗಳಲ್ಲಿ ಹಿಡಿದಿಡುತ್ತಿದ್ದರು.

ಜಗಲಿ ಮತ್ತು ನೆರಳಿನ ಲೆಕ್ಕ

ಜಗಲಿ ಎಂದರೆ ಹರಟೆಯ ಜಾಗ ಎಂದಷ್ಟೇ ತಿಳಿಯಬೇಡಿ. ಸೂರಿನಿಂದ ಬೀಳುವ ನೀರು ನೆಲಕ್ಕೆ ಬಡಿದು ಸಿಡಿಯುತ್ತದೆ. ಆ ಸಿಡಿಲುನೀರು ಮಣ್ಣಿನ ಗೋಡೆಯ ಬುಡಕ್ಕೆ ತಾಗಿದರೆ ಕೆಲವೇ ಮಳೆಗಾಲಗಳಲ್ಲಿ ಬುಡ ಕೊರೆದುಹೋಗುತ್ತದೆ. ಎತ್ತರದ ಕಲ್ಲಿನ ಜಗಲಿ ಗೋಡೆಯನ್ನು ಈ ಪೆಟ್ಟಿನಿಂದ ದೂರ ಇಡುತ್ತದೆ. ಅದರ ಮೇಲಿನ ಮಾಡು ಬಿಸಿಲನ್ನು ತಡೆಯುತ್ತದೆ.

ಇಲ್ಲೊಂದು ಲೆಕ್ಕ ಮಾಡೋಣ. ಈ ಊರುಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 24-25 ಹಾಗೂ ಆಗಸ್ಟ್ 18ರ ಸುಮಾರಿಗೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟ ಕೋಲಿನ ನೆರಳು ಕಾಣಿಸುವುದಿಲ್ಲ. ಡಿಸೆಂಬರ್ 21ರಂದು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣಕ್ಕೆ ಮುಖಮಾಡಿದ ಮನೆಯ ಸೂರು 1 ಮೀಟರ್ ಮುಂದೆ ಚಾಚಿದ್ದರೆ, ಏಪ್ರಿಲ್ ಮಧ್ಯಾಹ್ನ ಗೋಡೆ ಪೂರ್ತಿ ನೆರಳಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ಸೂರಿನ ಮಟ್ಟದಿಂದ ಕೆಳಗೆ ಸುಮಾರು 1.35 ಮೀಟರ್ ವರೆಗೆ ಮಾತ್ರ ನೆರಳು. ಅದಕ್ಕಿಂತ ಕೆಳಗೆ, ಜಗಲಿಯ ಮೇಲೆ ಕುಳಿತವರ ಮೈಗೆ, ಎಳೆಬಿಸಿಲು ಸಿಗುತ್ತದೆ. ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಬಿಸಿಲು!

ಬೀದಿ ಇಕ್ಕಟ್ಟಾಗಿರುವುದರಿಂದಲೂ ಪ್ರಯೋಜನವಿದೆ. ಉತ್ತರ ದಕ್ಷಿಣವಾಗಿ ಹಾದುಹೋಗುವ 6 ಮೀಟರ್ ಅಗಲದ ಬೀದಿ, ಎರಡೂ ಬದಿಗೆ 4 ಮೀಟರ್ ಎತ್ತರದ ಮನೆಗಳು ಎಂದುಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಸೂರ್ಯ ದಿಗಂತದಿಂದ ಹೆಚ್ಚುಕಡಿಮೆ 45 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಪಶ್ಚಿಮದ ಸಾಲಿನ ನೆರಳು ಸುಮಾರು 4 ಮೀಟರ್, ಅಂದರೆ ಬೀದಿಯ ಮೂರರಲ್ಲಿ ಎರಡು ಭಾಗ. ಸಂತೆಗೆ ಬಂದವರು ನಿಂತು ಚೌಕಾಸಿ ಮಾಡಲು ಅಷ್ಟು ಸಾಕು.

ಮಣ್ಣಿನ ಗೋಡೆಯ ಗುಟ್ಟು

ಹಳೆಯ ಗೋಡೆಗಳು ಒಂದೂವರೆ ಅಡಿಯಿಂದ ಎರಡು ಅಡಿಯಷ್ಟು ದಪ್ಪ. ಜೇಡಿ, ಮರಳು ಬೆರೆತ ಮಣ್ಣಿಗೆ ಹುಲ್ಲು ಸೇರಿಸಿ, ನೀರು ಹಾಕಿ ಕೊಳೆಸಿ, ತುಳಿದು ಹದಮಾಡಿ ವರಸೆ ವರಸೆಯಾಗಿ ಏರಿಸುತ್ತಿದ್ದರು. ಜೇಡಿ ಅಂಟುತ್ತದೆ, ಮರಳು ಬಿರುಕನ್ನು ತಡೆಯುತ್ತದೆ, ಹುಲ್ಲು ಎಳೆತವನ್ನು ತಾಳುತ್ತದೆ.

ಹಗಲಿನ ಶಾಖ ಗೋಡೆಯ ಹೊರಮೈಯಿಂದ ಒಳಮೈಗೆ ಅಲೆಯಂತೆ ಸಾಗುತ್ತದೆ. ಸುಮಾರು 45 ಸೆಂಟಿಮೀಟರ್ ದಪ್ಪದ ಮಣ್ಣಿನ ಗೋಡೆಯನ್ನು ದಾಟಲು ಈ ಅಲೆಗೆ 12 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಬೇಕು. ದಾಟುವಷ್ಟರಲ್ಲಿ ಅದರ ಬಲವೂ ಬಹಳ ಕುಂದಿರುತ್ತದೆ. ಮಧ್ಯಾಹ್ನ 2 ಗಂಟೆಯ ಬಿಸಿ ಒಳಗೆ ತಲುಪುವುದು ನಸುಕಿನಲ್ಲಿ, ಅದು ಬೇಕೆನಿಸುವ ಹೊತ್ತಿಗೆ. ಅದೇ 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚಾವಣಿಯನ್ನು ಶಾಖ ಸುಮಾರು 4 ಗಂಟೆಯಲ್ಲಿ ದಾಟುತ್ತದೆ. ಸಂಜೆ ಆರು ಗಂಟೆಗೆ ತಾರಸಿ ಮನೆ ಕಾದ ಕಾವಲಿಯಂತಾಗುವುದು ಇದಕ್ಕೇ. ಲೇಖನದ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದು ಮುಖ್ಯ ಉತ್ತರ.

ಗೋಡೆಯ ಕೆಳಗಿನ ತಳಪಾಯ, ಜಗಲಿಯ ಚಪ್ಪಡಿ, ಕಂಬದ ಬುಡದ ಕಲ್ಲು ಇವೆಲ್ಲ ಸುತ್ತಮುತ್ತಲಿನ ಬಂಡೆಗಳಿಂದ ಬಂದವು. ಹಾಸನ ಜಿಲ್ಲೆಯ ನೆಲ ಬಹುಪಾಲು ನೈಸ್ ಶಿಲೆ. ಹೊಳೆನರಸೀಪುರ ಶಿಸ್ಟ್ ಪಟ್ಟಿಯಂತೂ ಭೂವಿಜ್ಞಾನಿಗಳ ನಡುವೆ ಹೆಸರಾದದ್ದು. ಈ ಭಾಗದ ಶಿಲೆಗಳಲ್ಲಿ ಕೆಲವು 300 ಕೋಟಿ ವರ್ಷಕ್ಕೂ ಹಳೆಯವು. ಮರದ ಕಂಬವನ್ನು ನೇರವಾಗಿ ನೆಲಕ್ಕೆ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಲು ಕಾರಣವಿದೆ. ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುತ್ತದೆ. ಗಟ್ಟಿ ಕಲ್ಲಿನಲ್ಲಿ ಅಂಥ ರಂಧ್ರಗಳು ತೀರ ಕಡಿಮೆ. ಹೀಗಾಗಿ ತೇವವೂ ಗೆದ್ದಲೂ ಕಂಬಕ್ಕೆ ಸುಲಭವಾಗಿ ಹತ್ತುವುದಿಲ್ಲ.

ಸುಣ್ಣ ಮತ್ತು ಹೆಂಚು

ಸ್ಥಿತಿವಂತರ ಮನೆಗಳಲ್ಲಿ ಇಟ್ಟಿಗೆಯ ಕಟ್ಟಡವೂ ಸುಣ್ಣದ ಗಾರೆಯೂ ಇರುತ್ತಿದ್ದವು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಅರಳಿದ ಸುಣ್ಣ. ಗಾರೆಯಾಗಿ ಗೋಡೆ ಸೇರಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಮರಳಿ ಕಲ್ಲಾಗುತ್ತದೆ. ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ನೀರಿನಲ್ಲೂ ಗಟ್ಟಿಯಾಗಬಲ್ಲದು. ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಿದ್ದು ಇಂಥ ಗಾರೆಯಿಂದಲೇ.

ಮಾಡಿಗೆ ಮೊದಲು ಕುಂಬಾರರು ತಿಗರಿಯಲ್ಲಿ ಮಾಡಿದ ನಾಡಹೆಂಚು ಹೊದಿಸುತ್ತಿದ್ದರು. ಅದನ್ನು ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಕೈಯಾಡಿಸಬೇಕಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದರೊಳಗೊಂದು ಸಿಕ್ಕಿಕೊಳ್ಳುವ ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಸಾಕು. ಹೊರೆ ಕಡಿಮೆ, ಸೋರಿಕೆಯೂ ಕಡಿಮೆ. ಮುಂದೆ ಘಟ್ಟದ ಮೇಲಿನ ಊರುಗಳಲ್ಲೂ ಇದೇ ಹೆಂಚು ನೆಲೆನಿಂತಿತು. ನಾವು ಇಂದು 'ಹಳೆಯ ಮನೆ' ಎನ್ನುವ ಅನೇಕ ಮನೆಗಳ ಮಾಡು ಗೋಡೆಗಿಂತ ಕಿರಿಯದು ಎಂಬುದನ್ನು ನೆನಪಿಡಬೇಕು.

ಹಳೆಯದೆಲ್ಲ ಒಳ್ಳೆಯದೇ?

ಹಾಗೆ ಹೇಳಲಾಗದು. ಕಿಟಕಿ ಚಿಕ್ಕದಾಗಿದ್ದುದರಿಂದ ಒಳಕೋಣೆಗಳು ಕತ್ತಲು. ಒಲೆಯ ಹೊಗೆ ಹೆಂಗಸರ ಕಣ್ಣು, ಶ್ವಾಸಕೋಶಗಳನ್ನು ಹಾಳುಮಾಡುತ್ತಿತ್ತು. ಮಣ್ಣಿನ ಗೋಡೆಯಲ್ಲಿ, ಅಟ್ಟದಲ್ಲಿ ಇಲಿಗಳಿಗೆ ಬಿಲ ಸಿದ್ಧವಿರುತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಪೇಟೆಯ ದೋಷಗಳು ಎದ್ದುಕಂಡವು. ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಕಾಲದಲ್ಲಿ ಬೆಳೆದವು. ಬೆಳಕು, ಗಾಳಿ, ಚರಂಡಿಗಳ ಮಟ್ಟಿಗೆ ಹೊಸ ಬಡಾವಣೆ ಕಲಿಸಿದ ಪಾಠ ನಿಜವಾದದ್ದೇ.

ಆದರೆ ಈಗ ಹಳೆಯ ಮನೆಗಳು ಬೀಳುತ್ತಿರುವುದು ಆ ದೋಷಗಳಿಂದ ಅಲ್ಲ. ಹೆಚ್ಚಾಗಿ ತಪ್ಪಾದ ದುರಸ್ತಿಯಿಂದ. ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವ ಹೀರುತ್ತದೆ, ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಸುಣ್ಣದ ಗಿಲಾವು ಇದಕ್ಕೆ ಅಡ್ಡಿಮಾಡುವುದಿಲ್ಲ. 'ಗಟ್ಟಿಯಾಗಲಿ' ಎಂದು ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಹೊರಬರಲಾರದೆ ಒಳಗೇ ಸೇರುತ್ತದೆ. ಒದ್ದೆ ಜೇಡಿಗೆ ಬಲವಿಲ್ಲ. ನೀರಿನೊಂದಿಗೆ ಬಂದ ಲವಣಗಳು ಸಿಮೆಂಟಿನ ಹಿಂದೆ ಹರಳುಗಟ್ಟಿ ಮಣ್ಣನ್ನು ಪುಡಿಮಾಡುತ್ತವೆ. ಹೊರಗೆ ಗೋಡೆ ನುಣ್ಣಗೆ ಕಾಣುತ್ತಿರುವಾಗಲೇ ಒಳಗೆ ಟೊಳ್ಳಾಗುತ್ತದೆ. ಒಂದು ಜಡಿಮಳೆಗೆ ಕುಸಿಯುತ್ತದೆ, ಕೆಲವೊಮ್ಮೆ ಮಲಗಿದವರ ಮೇಲೆ. ಇನ್ನೊಂದು ತೊಂದರೆ ಡಾಂಬರು. ಹಳೆಯ ಪದರವನ್ನು ಕೆರೆಯದೆ ಹೊಸ ಪದರ ಹಾಕುತ್ತ ಹೋದರೆ ರಸ್ತೆ ಏರುತ್ತದೆ, ಜಗಲಿ ತಗ್ಗುತ್ತದೆ. ಕೊನೆಗೆ ಬೀದಿಯ ನೀರು ಹೊಸ್ತಿಲು ದಾಟುತ್ತದೆ.

ನಿಮ್ಮದು ಇಂಥ ಮನೆಯಾಗಿದ್ದರೆ ಮೊದಲು ಮಾಡು ನೋಡಿ. ಒಡೆದ ಹೆಂಚು ಬದಲಿಸಿ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಮಾಡಿ. ಗಿಲಾವು ಉದುರಿದಲ್ಲಿ ಮಣ್ಣಿನಿಂದಲೋ ಸುಣ್ಣದಿಂದಲೋ ತುಂಬಿಸಿ. ಒಳಗೆ ಕತ್ತಲಿದ್ದರೆ ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚು ಸೇರಿಸಿದರೂ ಸಾಕು. ಗೋಡೆ ಉಬ್ಬಿದ್ದರೆ, ವಾಲಿದ್ದರೆ ತಡಮಾಡದೆ ತಿಳಿದವರಿಗೆ ತೋರಿಸಿ; ಅಲ್ಲಿಯವರೆಗೆ ಆ ಕೋಣೆಯಲ್ಲಿ ಮಲಗಬೇಡಿ.

ವಿದ್ಯಾರ್ಥಿಗಳಾಗಿದ್ದರೆ ಒಂದು ಟೇಪು, ಎರಡು ಉಷ್ಣತಾಮಾಪಕ, ಒಂದು ನೋಟ್ ಪುಸ್ತಕ ಹಿಡಿದು ನಿಮ್ಮೂರಿನ ಹಳೇ ಬೀದಿಗೆ ಹೋಗಿ. ಬೀದಿಯ ಅಗಲ, ಜಗಲಿಯ ಎತ್ತರ, ಗೋಡೆಯ ದಪ್ಪ ಅಳೆಯಿರಿ. ಮನೆಯವರ ಒಪ್ಪಿಗೆ ಪಡೆದು, ಒಂದು ಮಣ್ಣಿನ ಮನೆ ಹಾಗೂ ಒಂದು ಕಾಂಕ್ರೀಟ್ ಮನೆಯೊಳಗಿನ ಉಷ್ಣತೆಯನ್ನು ಒಂದೇ ದಿನ ಎರಡು ಗಂಟೆಗೊಮ್ಮೆ ಬರೆದುಕೊಂಡು ನಕ್ಷೆ ಎಳೆಯಿರಿ. ಎರಡು ಗೆರೆಗಳ ಶಿಖರಗಳ ನಡುವೆ ಎಷ್ಟು ಗಂಟೆಗಳ ಅಂತರವಿದೆ ಎಂದು ಎಣಿಸಿ. ಆ ಮನೆಯ ಹಿರಿಯರನ್ನು ಗಾರೆಗೆ ಏನೇನು ಹಾಕುತ್ತಿದ್ದರು, ಕಂಬದ ಮರ ಎಲ್ಲಿಂದ ಬಂತು ಎಂದು ಕೇಳಿ ಬರೆದಿಡಿ. ಮುಂದಿನ ಬಾರಿ ನೀವು ಆ ಬೀದಿಗೆ ಹೋಗುವಷ್ಟರಲ್ಲಿ ಆ ಮನೆ ಇಲ್ಲದಿರಬಹುದು. ನಿಮ್ಮ ಪುಸ್ತಕದಲ್ಲಿರುವ ಅಳತೆಗಳಾದರೂ ಮುಂದೆ ಮನೆ ಕಟ್ಟುವವರ ಉಪಯೋಗಕ್ಕೆ ಬರುತ್ತವೆ.