ರೂಟರ್ ಮತ್ತು ಸ್ವಿಚ್: ವರ್ತಕರು ತಿಳಿದಿರಬೇಕಾದ ಕೆಲವು ಆಜ್ಞೆಗಳು

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಕಂಡವರಿಗೆ ಅಲ್ಲಿನ ಸೈಫನ್‌ಗಳ ಪರಿಚಯವಿರುತ್ತದೆ. ಶಿಂಷಾ ನದಿಯ ನೀರು ಪೂರ್ಣಮಟ್ಟವನ್ನು ಮುಟ್ಟಿದೊಡನೆ, ಯಾರೂ ಬಾಗಿಲೆತ್ತದಿದ್ದರೂ, ಹೆಚ್ಚುವರಿ ನೀರು ಅವುಗಳ ಮೂಲಕ ತಾನಾಗಿಯೇ ಹೊರಬೀಳುತ್ತದೆ. ಆ ಅಚ್ಚುಕಟ್ಟು ಪ್ರದೇಶದ ಅಕ್ಕಿ ಗಿರಣಿಯೊಂದರ ಮಾಲೀಕರು ನನ್ನ ಕಕ್ಷಿದಾರರು. ಒಮ್ಮೆ ಅವರು ಕಚೇರಿಯ ಗೋಡೆಯ ಮೇಲಿದ್ದ ರೂಟರನ್ನು ತೋರಿಸಿ, "ಇದೂ ನಮ್ಮ ಸೈಫನ್ ಇದ್ದ ಹಾಗೇ ಸಾರ್. ಹಾಕಿಸಿದ ಮೇಲೆ ಮುಟ್ಟಿಲ್ಲ, ತನ್ನ ಪಾಡಿಗೆ ನಡೀತಾ ಇದೆ" ಎಂದಿದ್ದರು.

ಅದಾದ ಕೆಲವು ತಿಂಗಳಿಗೆ, ಜಿ.ಎಸ್.ಟಿ.ಆರ್-3ಬಿ ಸಲ್ಲಿಸಲು ಕೊನೆಯ ದಿನವಾದ 20ನೇ ತಾರೀಖಿನಂದು, ಮಧ್ಯಾಹ್ನ ಹೋದ ವಿದ್ಯುತ್ತು ಸಂಜೆಯವರೆಗೂ ಬರಲಿಲ್ಲ. ಯು.ಪಿ.ಎಸ್. ಬ್ಯಾಟರಿಯೂ ಕೈಕೊಟ್ಟಿತು. ವಿದ್ಯುತ್ತು ಮರಳಿದಾಗ ರೂಟರಿನ ದೀಪಗಳೇನೋ ಉರಿದವು. ಆದರೆ ವೇಬ್ರಿಡ್ಜ್‌ನ ಗಣಕಯಂತ್ರಕ್ಕೆ ಕಚೇರಿಯ ಸರ್ವರ್ ಕಾಣಿಸದಾಯಿತು, ಅಂತರಜಾಲ ಸಂಪರ್ಕವೂ ಇಲ್ಲವಾಯಿತು. ಲೇಬಲ್ ಹಚ್ಚಿದ 25 ಕಿಲೋ ಚೀಲಗಳನ್ನು ತುಂಬಿಕೊಂಡ ಎರಡು ಲಾರಿಗಳು ಗೇಟಿನಲ್ಲಿ ನಿಂತಿದ್ದವು. ಇ-ವೇ ಬಿಲ್ಲನ್ನೂ ರಿಟರ್ನನ್ನೂ ಹೇಗೋ ಮೊಬೈಲ್ ಫೋನಿನ ಸಂಪರ್ಕದಿಂದ ಆ ರಾತ್ರಿ ಮುಗಿಸಿದೆವು. ರೂಟರ್ ಅಳವಡಿಸಿದ್ದ ತಂತ್ರಜ್ಞ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದರು. ಗುಪ್ತಪದ ಯಾರ ಬಳಿಯೂ ಇರಲಿಲ್ಲ. ಮತ್ತೊಬ್ಬ ತಂತ್ರಜ್ಞ ಬಂದು ಸರಿಪಡಿಸಲು ಎರಡು ದಿನ ಹಿಡಿಯಿತು. ಅಷ್ಟೂ ಹೊತ್ತು ತೂಕದ ಚೀಟಿಗಳನ್ನು ಕೈಯಲ್ಲೇ ಬರೆಯಲಾಯಿತು.

ಯಂತ್ರ ಕೆಟ್ಟಿರಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಹಳೆಯ ತಾಮ್ರದ ತಂತಿಯ ಸಂಪರ್ಕವನ್ನು ತೆಗೆದು ಫೈಬರ್ ಸಂಪರ್ಕ ಪಡೆದಾಗ ರೂಟರಿನಲ್ಲಿ ಬದಲಾವಣೆಗಳನ್ನು ಮಾಡಿದ್ದರು; ಮಾಡಿದ್ದನ್ನು ಉಳಿಸಿರಲಿಲ್ಲ. ಒಂದು ಸಾಲಿನ ಆಜ್ಞೆ ಬಿಟ್ಟುಹೋಗಿತ್ತು. ಲೆಕ್ಕ ಪರಿಶೋಧಕನಾದ ನಾನು ಈ ವಿಷಯಕ್ಕೆ ಕೈಹಾಕಲು ಇದೇ ಕಾರಣ. ನಮ್ಮ ಲೆಕ್ಕಪತ್ರಗಳೆಲ್ಲ ಇಂದು ಈ ಪೆಟ್ಟಿಗೆಗಳ ಮೂಲಕವೇ ಓಡಾಡುತ್ತಿರುವಾಗ, ಅದರೊಳಗೆ ಏನು ಬರೆದಿದೆ ಎಂಬುದನ್ನು ಮಾಲೀಕರಾದವರು ಓದಿಸಿಯಾದರೂ ತಿಳಿದಿರಬೇಕು.

ಮೊದಲಿಗೆ ಎರಡು ಯಂತ್ರಗಳ ವ್ಯತ್ಯಾಸ. ಒಂದೇ ಆವರಣದೊಳಗಿನ ಗಣಕಯಂತ್ರ, ಪ್ರಿಂಟರ್, ಕ್ಯಾಮೆರಾಗಳನ್ನು ಪರಸ್ಪರ ಜೋಡಿಸುವುದು ಸ್ವಿಚ್. ಒಂದು ಜಾಲವನ್ನು ಮತ್ತೊಂದು ಜಾಲಕ್ಕೆ, ಅಂದರೆ ನಮ್ಮ ಕಚೇರಿಯನ್ನು ಅಂತರಜಾಲಕ್ಕೋ ತುಮಕೂರಿನ ಶಾಖೆಗೋ ಜೋಡಿಸಿ ದಾರಿ ತೋರಿಸುವುದು ರೂಟರ್. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಸಾಧಾರಣ ಸ್ವಿಚ್ಚಿಗೆ ಯಾವ ಆಜ್ಞೆಯೂ ಬೇಕಿಲ್ಲ, ತಂತಿ ಸಿಕ್ಕಿಸಿದರೆ ಸಾಕು. ಅಂಥದ್ದೇ ಇರುವವರು ಸ್ವಿಚ್ಚಿನ ಮಟ್ಟಿಗೆ ನಿಶ್ಚಿಂತೆಯಿಂದಿರಬಹುದು. ಮನೆಬಳಕೆಯ ರೂಟರುಗಳನ್ನು ಬ್ರೌಸರ್ ಪುಟದಿಂದಲೇ ನಿರ್ವಹಿಸಬಹುದು. ಕಾರ್ಖಾನೆ, ಗಿರಣಿ, ದೊಡ್ಡ ಮಳಿಗೆಗಳಲ್ಲಿ ಹಾಕುವ ಮೇಲ್ದರ್ಜೆಯ ಯಂತ್ರಗಳನ್ನು ಮಾತ್ರ ಆಜ್ಞೆಗಳನ್ನು ಟೈಪ್ ಮಾಡಿ ಸಜ್ಜುಗೊಳಿಸುವುದು ವಾಡಿಕೆ. ಇವುಗಳಲ್ಲಿ 1984ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಸಿಸ್ಕೋ ಕಂಪನಿಯ ಕ್ರಮವೇ ಹೆಚ್ಚು ಪ್ರಚಲಿತ. ಬೇರೆ ಹಲವು ತಯಾರಕರೂ ಅದನ್ನು ಹೋಲುವ ಆಜ್ಞೆಗಳನ್ನೇ ಇಟ್ಟುಕೊಂಡಿದ್ದಾರೆ. ಕೆಳಗಿನ ವಿವರಣೆ ಸಿಸ್ಕೋ ಕ್ರಮದ್ದು. ಓದಲು ಅನುಕೂಲವಾಗಲೆಂದು ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹೊಸ ಯಂತ್ರಕ್ಕೆ ಇನ್ನೂ ವಿಳಾಸವಿರುವುದಿಲ್ಲವಾದ್ದರಿಂದ ಜಾಲದ ಮೂಲಕ ಅದನ್ನು ತಲುಪಲಾಗದು. ಅದಕ್ಕೆಂದೇ 'ಕನ್ಸೋಲ್' ಎಂಬ ಕಿಂಡಿಯಿದೆ. ಸಾಮಾನ್ಯವಾಗಿ ತಿಳಿನೀಲಿ ಬಣ್ಣದ ಚಪ್ಪಟೆ ತಂತಿಯನ್ನು ಅಲ್ಲಿಂದ ಲ್ಯಾಪ್‌ಟಾಪ್‌ಗೆ ಜೋಡಿಸುತ್ತಾರೆ. ಈಚಿನ ಅನೇಕ ಮಾದರಿಗಳಲ್ಲಿ ಯು.ಎಸ್.ಬಿ. ಕಿಂಡಿಯೂ ಉಂಟು. ಲ್ಯಾಪ್‌ಟಾಪಿನಲ್ಲಿ ಪುಟ್ಟಿ ಎಂಬ ಉಚಿತ ತಂತ್ರಾಂಶವನ್ನು ತೆರೆದು, ವೇಗ 9600 ಎಂದು ಕೊಟ್ಟರೆ, ಕಪ್ಪು ಪರದೆಯ ಮೇಲೆ ಯಂತ್ರದ ಹೆಸರು ಮತ್ತು > ಚಿಹ್ನೆ ಮೂಡುತ್ತವೆ. ಇದು ನೋಡಲಷ್ಟೇ ಅನುಮತಿ ಇರುವ ಹಂತ. 'ಎನೇಬಲ್' ಎಂದು ಟೈಪ್ ಮಾಡಿ ಗುಪ್ತಪದ ಕೊಟ್ಟರೆ ಚಿಹ್ನೆಯು # ಆಗುತ್ತದೆ. ಈಗ ಎಲ್ಲವನ್ನೂ ನೋಡಬಹುದು. 'ಕಾನ್ಫಿಗರ್ ಟರ್ಮಿನಲ್' ಎಂದ ಮೇಲೆಯೇ ಬದಲಾವಣೆ ಸಾಧ್ಯ. ಕ್ಯಾಷಿಯರ್, ಮ್ಯಾನೇಜರ್, ಪಾಲುದಾರ ಎಂಬ ಮೂರು ಅಧಿಕಾರದ ಮಟ್ಟಗಳಂತೆ ಇವುಗಳನ್ನು ಭಾವಿಸಬಹುದು. ಎಲ್ಲಿ ತೊಡಕಾದರೂ ? ಚಿಹ್ನೆ ಒತ್ತಿದರೆ ಆ ಹಂತದಲ್ಲಿ ಲಭ್ಯವಿರುವ ಆಜ್ಞೆಗಳ ಪಟ್ಟಿ ಬರುತ್ತದೆ. ಕೊಟ್ಟ ಆಜ್ಞೆಯನ್ನು ರದ್ದುಪಡಿಸಲು ಅದರ ಹಿಂದೆ 'ನೋ' ಸೇರಿಸಿದರಾಯಿತು.

ಬದಲಾವಣೆಯ ಹಂತದಲ್ಲಿ ಮೊದಲ ಕೆಲಸ 'ಹೋಸ್ಟ್‌ನೇಮ್' ಆಜ್ಞೆಯಿಂದ ಯಂತ್ರಕ್ಕೆ ಹೆಸರಿಡುವುದು. ಎರಡು ಯಂತ್ರಗಳಿರುವಲ್ಲಿ ಒಂದೆಂದು ಭಾವಿಸಿ ಇನ್ನೊಂದನ್ನು ತಿದ್ದಿದ ಪ್ರಸಂಗಗಳು ಉಂಟು. ಅನಂತರ 'ಇಂಟರ್‌ಫೇಸ್' ಎಂದು ನಿರ್ದಿಷ್ಟ ಕಿಂಡಿಯನ್ನು ಆರಿಸಿ, 'ಐಪಿ ಅಡ್ರೆಸ್ 192.168.1.1 255.255.255.0' ಎಂಬಂತೆ ವಿಳಾಸ ಕೊಡುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಸ್ವಿಚ್ಚಿನ ಕಿಂಡಿಗಳು ಕಾರ್ಖಾನೆಯಿಂದ ತೆರೆದೇ ಬರುತ್ತವೆ. ರೂಟರಿನವು ಮುಚ್ಚಿಕೊಂಡು ಬರುತ್ತವೆ. ವಿಳಾಸ ಕೊಟ್ಟರೂ 'ನೋ ಶಟ್‌ಡೌನ್' ಎನ್ನುವವರೆಗೆ ಅವು ತೆರೆಯವು. ಹಂತದಿಂದ ಹೊರಬಂದು 'ಷೋ ಐಪಿ ಇಂಟರ್‌ಫೇಸ್ ಬ್ರೀಫ್' ಎಂದು ಕೇಳಿದರೆ ಯಾವ ಕಿಂಡಿ ತೆರೆದಿದೆ, ಯಾವುದಕ್ಕೆ ಯಾವ ವಿಳಾಸವಿದೆ ಎಂಬುದು ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಸಂಪರ್ಕ ಕಡಿದಾಗ ಮೊದಲು ನೋಡಬೇಕಾದ್ದು ಈ ಪಟ್ಟಿಯನ್ನೇ.

ಈಗ ಗಿರಣಿಯಲ್ಲಿ ಬಿಟ್ಟುಹೋದ ಆ ಸಾಲಿಗೆ ಬರೋಣ. ನಾವು ಕೊಡುವ ಆಜ್ಞೆಗಳೆಲ್ಲ ಕೊಟ್ಟ ಕ್ಷಣದಿಂದಲೇ ಜಾರಿಗೆ ಬರುತ್ತವೆ. ಆದರೆ ಅವು ಸೇರುವುದು 'ರನ್ನಿಂಗ್ ಕಾನ್ಫಿಗ್' ಎಂಬ ಕಡತಕ್ಕೆ, ವಿದ್ಯುತ್ತು ಇರುವವರೆಗೆ ಮಾತ್ರ ಉಳಿಯುವ ಸ್ಮೃತಿಗೆ. ವಿದ್ಯುತ್ತು ಹೋಗಿ ಬಂದಾಗ ಯಂತ್ರ ಓದಿಕೊಳ್ಳುವುದು 'ಸ್ಟಾರ್ಟಪ್ ಕಾನ್ಫಿಗ್' ಎಂಬ ಬೇರೊಂದು ಶಾಶ್ವತ ಕಡತವನ್ನು. ಮೊದಲನೆಯದು ಕಚ್ಚಾ ಚೀಟಿ, ಎರಡನೆಯದು ಕೀರ್ದಿ. ಚೀಟಿಯಲ್ಲಿ ವ್ಯಾಪಾರ ನಡೆದಿದೆ, ಸರಕು ಹೋಗಿದೆ, ಹಣವೂ ಬಂದಿದೆ. ಕೀರ್ದಿಗೆ ಇಳಿಸದೆ ಚೀಟಿ ಗಾಳಿಗೆ ಹಾರಿದರೆ ಲೆಕ್ಕದಲ್ಲಿ ಆ ವ್ಯಾಪಾರವೇ ನಡೆದಿಲ್ಲ. ಚೀಟಿಯನ್ನು ಕೀರ್ದಿಗೆ ಇಳಿಸುವ ಆಜ್ಞೆ: 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್'. ತಂತ್ರಜ್ಞರು ಎದ್ದು ಹೋಗುವ ಮುನ್ನ 'ಷೋ ಸ್ಟಾರ್ಟಪ್-ಕಾನ್ಫಿಗ್' ತೋರಿಸಿ ಎಂದು ಕೇಳಿ, ಹೊಸ ವಿಳಾಸ ಅದರಲ್ಲಿದೆಯೇ ನೋಡಿಕೊಳ್ಳಿ. ಕಚೇರಿಗೆ ಬಿಡುವಿರುವ ಹೊತ್ತಿನಲ್ಲಿ ಒಮ್ಮೆ ಯಂತ್ರವನ್ನು ಆರಿಸಿ ಹೊತ್ತಿಸಿ ನೋಡುವುದು ಇನ್ನೂ ಉತ್ತಮ.

ಈ ಎರಡು ಕಡತಗಳ ವ್ಯತ್ಯಾಸವನ್ನು ಉಪಯೋಗಕ್ಕೂ ತಂದುಕೊಳ್ಳಬಹುದು. ದೂರದಿಂದ ರೂಟರನ್ನು ತಿದ್ದುವಾಗ ಒಂದು ತಪ್ಪು ಸಾಲಿನಿಂದ ನಮ್ಮ ಸಂಪರ್ಕವೇ ಕಡಿದುಹೋಗುವ ಅಪಾಯವಿದೆ. ಅನುಭವಿಗಳು ಬದಲಾವಣೆಗೆ ಮುನ್ನ 'ರೀಲೋಡ್ ಇನ್ 10' ಎಂದು ಕೊಡುತ್ತಾರೆ. ಹತ್ತು ನಿಮಿಷದ ನಂತರ ಯಂತ್ರ ತಾನಾಗಿ ಮರುಚಾಲನೆಗೊಂಡು, ಉಳಿಸದ ತಪ್ಪನ್ನು ಮರೆತು, ಹಳೆಯ ಸ್ಥಿತಿಗೆ ಬರುತ್ತದೆ. ಎಲ್ಲವೂ ಸರಿಯಿದ್ದರೆ 'ರೀಲೋಡ್ ಕ್ಯಾನ್ಸಲ್' ಎಂದು ತಡೆದು ಉಳಿಸಿದರಾಯಿತು. ಕುಣಿಗಲ್ಲಿನಿಂದ ಗಿರಣಿಯವರೆಗೆ ಒಂದು ಓಡಾಟ ಇದರಿಂದ ತಪ್ಪುತ್ತದೆ.

ಗುಪ್ತಪದಗಳ ವಿಷಯದಲ್ಲಿ ನಮ್ಮ ವರ್ತಕ ಬಂಧುಗಳ ಉದಾಸೀನ ನನಗೆ ಬೇಸರ ತರಿಸಿದೆ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಬೀಗ ಮಾಡಿದವನ ಬಳಿಯೇ ಬಿಟ್ಟುಬರುವವರು ಯಾರೂ ಇಲ್ಲ; ರೂಟರಿನ ಗುಪ್ತಪದವನ್ನು ಮಾತ್ರ ಹಾಗೆಯೇ ಬಿಡುತ್ತೇವೆ, ಇಲ್ಲವೇ ತಯಾರಕರು ಕೊಟ್ಟದ್ದನ್ನೇ ಮುಂದುವರಿಸುತ್ತೇವೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಇಂತಹ ಬದಲಾಯಿಸದ ಗುಪ್ತಪದಗಳ ಒಂದು ಸಣ್ಣ ಪಟ್ಟಿಯನ್ನಿಟ್ಟುಕೊಂಡೇ ಜಗತ್ತಿನಾದ್ಯಂತ ಲಕ್ಷಾಂತರ ರೂಟರು, ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತು. 'ಎನೇಬಲ್ ಪಾಸ್‌ವರ್ಡ್' ಎಂಬ ಹಳೆಯ ಆಜ್ಞೆಯ ಬದಲು 'ಎನೇಬಲ್ ಸೀಕ್ರೆಟ್' ಬಳಸಬೇಕು. ಮೊದಲನೆಯದರಲ್ಲಿ ಗುಪ್ತಪದ ಕಡತದಲ್ಲಿ ಇದ್ದಂತೆಯೇ ಕಾಣುತ್ತದೆ. ದೂರದಿಂದ ಪ್ರವೇಶಿಸಲು ಟೆಲ್‌ನೆಟ್ ಬದಲು ಎಸ್.ಎಸ್.ಎಚ್. ಮಾತ್ರ ಇರಲಿ; 'ಲೈನ್ ವಿಟಿವೈ' ಹಂತದಲ್ಲಿ 'ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್' ಎಂಬ ಸಾಲು ಅದನ್ನು ಖಚಿತಪಡಿಸುತ್ತದೆ. ಟೆಲ್‌ನೆಟ್‌ನಲ್ಲಿ ಗುಪ್ತಪದವು ಅಂಚೆ ಕಾರ್ಡಿನ ಮೇಲಿನ ಬರಹದಂತೆ ಬಿಚ್ಚಿಟ್ಟುಕೊಂಡು ಹೋಗುತ್ತದೆ.

ಪರಿಶೋಧಕನ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ ಯಂತ್ರದ ಗಡಿಯಾರ. ಒಳಗೆ ಬ್ಯಾಟರಿ ಇಲ್ಲದ ಹಲವು ಸಿಸ್ಕೋ ಮಾದರಿಗಳು ಪ್ರತಿ ಬಾರಿ ಚಾಲನೆಗೊಂಡಾಗಲೂ ದಿನಾಂಕವನ್ನು 1993ರ ಮಾರ್ಚ್ 1 ಎಂದು ಹಿಡಿಯುತ್ತವೆ. ಯಾರು ಯಾವಾಗ ಒಳಬಂದರು ಎಂಬ ದಾಖಲೆಯಲ್ಲಿ ಆ ದಿನಾಂಕವಿದ್ದರೆ ಅದು ಯಾವ ಪುರಾವೆಗೂ ಬಾರದು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಿನಾಂಕವೂ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವಾಗ, ಅದೇ ಜಾಲದ ರೂಟರ್ ಮೂರು ದಶಕ ಹಿಂದಿನ ತಾರೀಖು ಹೇಳುವುದು ಸರಿಯಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ವ್ಯವಸ್ಥೆಗಳ ಗಡಿಯಾರವನ್ನು ಎನ್.ಐ.ಸಿ. ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಮಾನಕ್ಕೆ ಹೊಂದಿಸಬೇಕು, ದಾಖಲೆಗಳನ್ನು 180 ದಿನ ಇಡಬೇಕು, ನಿರ್ದಿಷ್ಟ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು ಎನ್ನುತ್ತದೆ. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಕೊಟ್ಟಿದ್ದ ಕಾಲಾವಕಾಶ ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಮುಗಿದಿದೆ. ಇದಕ್ಕೆ ಬೇಕಾದ ಆಜ್ಞೆಗಳು 'ಕ್ಲಾಕ್ ಟೈಮ್‌ಜೋನ್ ಐಎಸ್‌ಟಿ 5 30', 'ಎನ್‌ಟಿಪಿ ಸರ್ವರ್' ಮತ್ತು 'ಲಾಗಿಂಗ್ ಹೋಸ್ಟ್'. ಕೊನೆಯದು ದಾಖಲೆಗಳನ್ನು ಬೇರೊಂದು ಗಣಕಯಂತ್ರಕ್ಕೆ ಕಳಿಸುತ್ತದೆ. ರೂಟರಿನೊಳಗಿನ ಸ್ಮೃತಿಯಲ್ಲಷ್ಟೇ ಇಟ್ಟರೆ ವಿದ್ಯುತ್ತಿನೊಂದಿಗೆ ಅವೂ ಹೋಗುತ್ತವೆ.

ಕ್ಯಾಮೆರಾಗಳನ್ನು ಲೆಕ್ಕದ ಗಣಕಯಂತ್ರಗಳಿಂದ ಬೇರ್ಪಡಿಸಲು ಸ್ವಿಚ್ಚಿನಲ್ಲಿ 'ವಿಲ್ಯಾನ್' ಎಂಬ ವ್ಯವಸ್ಥೆಯಿದೆ. ಒಂದೇ ಪೆಟ್ಟಿಗೆಯನ್ನು ಎರಡು ಪ್ರತ್ಯೇಕ ಜಾಲಗಳಾಗಿ ವಿಂಗಡಿಸುವ ಕ್ರಮವಿದು. ಅದರ ವಿವರ ಸ್ವತಂತ್ರ ಲೇಖನವನ್ನೇ ಬೇಡುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ಸ್ವಿಚ್ಚುಗಳನ್ನು ಕೊಂಡುತರುವ ಸಣ್ಣ ಕೈಗಾರಿಕೋದ್ಯಮಿಗಳು ನಮ್ಮಲ್ಲಿ ಅನೇಕರಿದ್ದಾರೆ. ತಪ್ಪೇನಿಲ್ಲ, ಆದರೆ ಹಿಂದಿನ ಮಾಲೀಕರ ಸೂಚನೆಗಳು ಅದರೊಳಗೆ ಉಳಿದಿರುವ ಸಾಧ್ಯತೆ ಹೆಚ್ಚು. 'ಇರೇಸ್ ಸ್ಟಾರ್ಟಪ್-ಕಾನ್ಫಿಗ್' ಎಂದು ಅಳಿಸಿ 'ರೀಲೋಡ್' ಮಾಡಬೇಕು. ಉಳಿಸಬೇಕೇ ಎಂದು ಕೇಳಿದರೆ ಬೇಡವೆನ್ನಬೇಕು. ಇಷ್ಟಾದರೂ ವಿಲ್ಯಾನ್ ವಿವರಗಳು 'ವಿಲ್ಯಾನ್ ಡಾಟ್ ಡ್ಯಾಟ್' ಎಂಬ ಬೇರೆ ಕಡತದಲ್ಲಿ ಉಳಿಯುತ್ತವೆ. ರೀಲೋಡಿಗೆ ಮುನ್ನ ಅದನ್ನೂ ತೆಗೆಯಬೇಕು. ನಮ್ಮದನ್ನು ಮಾರುವಾಗಲೂ ಇದೇ ಕ್ರಮ, ಏಕೆಂದರೆ ನಮ್ಮ ಗುಪ್ತಪದಗಳೂ ಅಲ್ಲೇ ಇರುತ್ತವೆ.

ಲೆಕ್ಕದ ದೃಷ್ಟಿಯಿಂದ ಒಂದು ಮಾತು. ಸವಕಳಿಗಾಗಿ ಇವು ಗಣಕಯಂತ್ರಗಳೇ ಅಥವಾ ಸಾಮಾನ್ಯ ಯಂತ್ರೋಪಕರಣಗಳೇ ಎಂಬ ವಿವಾದ 1961ರ ಆದಾಯ ತೆರಿಗೆ ಕಾಯ್ದೆಯಡಿ ಬಹಳ ಕಾಲ ನಡೆಯಿತು. ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠವು 2010ರಲ್ಲಿ, ಗಣಕಯಂತ್ರದೊಂದಿಗೆ ಅದರ ಭಾಗವಾಗಿ ಬಳಸುವ ರೂಟರು, ಸ್ವಿಚ್ಚುಗಳು ಗಣಕಯಂತ್ರದ ವರ್ಗಕ್ಕೇ ಸೇರುತ್ತವೆ ಎಂದು ತೀರ್ಮಾನಿಸಿತು. ಆಗ ಆ ವರ್ಗದ ಸವಕಳಿ ದರ ಶೇ. 60 ಇತ್ತು, 2017-18ರ ಹಣಕಾಸು ವರ್ಷದಿಂದ ಶೇ. 40ಕ್ಕೆ ಇಳಿಯಿತು. ಖರೀದಿ ಬಿಲ್ಲಿನಲ್ಲಿ ಮಾದರಿ ಮತ್ತು ಕ್ರಮಸಂಖ್ಯೆಯನ್ನು ಬರೆಸಿಕೊಳ್ಳಿ. 'ಷೋ ವರ್ಷನ್' ಆಜ್ಞೆಯು ಸಾಮಾನ್ಯವಾಗಿ ಅವೆರಡನ್ನೂ ಪರದೆಯ ಮೇಲೆ ತೋರಿಸುತ್ತದೆ, ಸ್ಥಿರಾಸ್ತಿ ಪುಸ್ತಕಕ್ಕೆ ತಾಳೆ ನೋಡಬಹುದು.

ಮಾರ್ಕೋನಹಳ್ಳಿಯ ಗಿರಣಿಯಲ್ಲಿ ಈಗ 'ಷೋ ರನ್ನಿಂಗ್-ಕಾನ್ಫಿಗ್'ನ ಮುದ್ರಿತ ಪ್ರತಿಯೊಂದು ಪರವಾನಗಿ ಪತ್ರಗಳ ಕಡತದಲ್ಲಿದೆ. ಗುಪ್ತಪದಗಳು ಮೊಹರು ಮಾಡಿದ ಲಕೋಟೆಯಲ್ಲಿ, ಕಬ್ಬಿಣದ ಬೀರುವಿನಲ್ಲಿವೆ. ಯು.ಪಿ.ಎಸ್. ಬ್ಯಾಟರಿಯನ್ನೂ ಬದಲಾಯಿಸಿದ್ದಾರೆ.